ನಾಲ್ಕು ಶನಿವಾರ

೯ ಜನವರಿ

ಅಕ್ಕಾ,

ನನ್ನ ಮೊಣಕಾಲಿಗೆ ಚಪ್ಪಾಳೆ ಬಿದ್ದಿದೆಯಂತೆ. ನಿನ್ನೆ ತಿಳಿಯಿತು.

ನಮ್ಮ ಸ್ಟೇಷನ್ನಿನ ಟಿಕೆಟ್ ಕೌಂಟರಿನ ಹೆಂಗಸು ಪತ್ರಿಕೆಯಿಂದ ನಿನ್ನ ಫೋಟೋ ಕತ್ತರಿಸಿ, ಸ್ಟಾಫ್ ರೂಮಿನ ಗೋಡೆಗೆ, ಪಾಳಿಯ ಪಟ್ಟಿಯ ಪಕ್ಕದಲ್ಲಿ ಅಂಟಿಸಿದ್ದಾಳೆ. ದೊಡ್ಡ ಸಭೆಯಲ್ಲಿ ನೀನು ಭಾಷಣ ಮಾಡಿದೆಯಂತೆ. "ತಂಗಿಯ ಊದಿದ ಮೊಣಕಾಲೇ ನನ್ನನ್ನು ಈ ಸಂಶೋಧನೆಗೆ ಕರೆತಂದಿತು" ಎಂದೆಯಂತೆ. ಜನರೆಲ್ಲ ಎದ್ದು ನಿಂತರಂತೆ. ಎದ್ದು ನಿಲ್ಲುವುದು ನನಗೆ ಎಷ್ಟು ಹೊತ್ತಿನ ಕೆಲಸ ಎಂದು ಅವರಿಗೇನು ಗೊತ್ತು.

"ಮೈಕ್ ಮೇಡಂ, ಇವ್ರು ನಿಮ್ಮ ಅಕ್ಕ ಅಂತೆ. ಇಷ್ಟು ವರ್ಷ ಒಂದ್ ಮಾತೂ ಹೇಳ್ಲಿಲ್ವಲ್ಲ ನೀವು" ಎಂದಳು ಕೌಂಟರಿನವಳು. ಹದಿನಾರು ವರ್ಷದಿಂದ ಗಾಜಿನ ಗೂಡಿನಲ್ಲಿ ಕುಳಿತು ಯಾವ ರೈಲು ಎಲ್ಲಿಗೆ ಬರುತ್ತದೆ, ಎಷ್ಟು ತಡ ಎಂದು ಹೇಳುತ್ತಿದ್ದೇನೆ. ಈ ಊರಿನಲ್ಲಿ ನನ್ನ ಧ್ವನಿ ಗೊತ್ತಿಲ್ಲದವರಿಲ್ಲ, ನನ್ನ ಮುಖ ಗೊತ್ತಿರುವವರೂ ಇಲ್ಲ. ಅದರಲ್ಲಿ ನನಗೊಂದು ನೆಮ್ಮದಿ ಇತ್ತು. ಈಗ ಪೋರ್ಟರುಗಳು ಕೂಡ ನಾನು ಮೆಟ್ಟಿಲು ಹತ್ತುವಾಗ ನಿಂತು ಕಾಲು ನೋಡುತ್ತಾರೆ.

ನೋವು ನನ್ನದು, ಹಾರ ನಿನ್ನದು. ಹತ್ತು ವರ್ಷದವಳಿದ್ದಾಗಿನಿಂದ ಈ ಸಂಧಿವಾತವನ್ನು ಹೊತ್ತವಳು ನಾನು. ನೀನು ವರ್ಷಕ್ಕೆ ಎರಡು ದಿನ ಬಂದು ಹೋಗುವವಳು. ಒಂದು ಮಾತು ಕೇಳಬಹುದಿತ್ತು.

ಅಮ್ಮನಂತೂ ನೆಲದ ಮೇಲಿಲ್ಲ. ಇನ್ನೊಂದು ಪ್ರತಿ ತಂದು ಕನ್ನಡಿಯ ಮೂಲೆಗೆ ಸಿಕ್ಕಿಸಿದ್ದಾಳೆ. ತಲೆ ಬಾಚಬೇಕಾದರೆ ಮೊದಲು ನಿನ್ನ ಮುಖ ನೋಡಬೇಕು.

ಉತ್ತರ ಬರೆಯುವುದಾದರೆ ಸ್ಟೇಷನ್ ವಿಳಾಸಕ್ಕೆ ಬರೆ. ಇರುವುದು ಎರಡು ಕೋಣೆ. ಫೋನಿನಲ್ಲಿ ಮಾತಾಡಿದರೆ ಅಮ್ಮನ ಕಿವಿ ಇಲ್ಲೇ ಇರುತ್ತದೆ. ಮನೆಗೆ ಬಂದ ಕಾಗದವನ್ನು ನನಗಿಂತ ಮೊದಲು ಅವಳೇ ಒಡೆಯುತ್ತಾಳೆ.

ಇಂತಿ,
ಮೊಣಕಾಲು


೨೧ ಜನವರಿ

ಪ್ರೀತಿಯ ತಂಗಿ,

ಕೇಳದೆ ಹೇಳಿದ್ದು ತಪ್ಪು. ಕ್ಷಮಿಸು. ಭಾಷಣದ ಹಾಳೆಯಲ್ಲಿ ಆ ಸಾಲು ಇರಲಿಲ್ಲ, ಬಾಯಿಗೆ ಬಂದುಬಿಟ್ಟಿತು. ಬಂದ ಮೇಲೆ ಎಲ್ಲರೂ ಎದ್ದು ನಿಂತರು. ಆಗ ನನಗೆ ಕೂರಬೇಕು ಅನಿಸಿತು.

ನನ್ನ ಕೆಲಸ ಏನೆಂದು ನೀನು ಎಂದೂ ಕೇಳಿಲ್ಲ, ನಾನೂ ಹೇಳಿಲ್ಲ. ನಮ್ಮ ರಕ್ತದಲ್ಲಿ ಎರಡು ಬಗೆಯ ಕಾವಲು ಪಡೆಗಳಿವೆ. ಒಂದು ನಿಧಾನದ್ದು, ಬಂದ ವೈರಿಯ ಗುರುತು ಹಿಡಿದು ಇಟ್ಟುಕೊಳ್ಳುತ್ತದೆ, ಅದೇ ವೈರಿ ಮತ್ತೆ ಬಂದರೆ ಹೊಡೆಯುತ್ತದೆ. ಇನ್ನೊಂದು ಎಲ್ಲರಿಗಿಂತ ಮೊದಲು ಓಡಿಬರುವುದು. ಅದಕ್ಕೆ ನೆನಪೇ ಇಲ್ಲ ಎಂದು ನಾವೆಲ್ಲ ಓದಿ ಪಾಸಾದವರು. ಹಾಗಲ್ಲ ಎಂದು ಈಗ ಗೊತ್ತಾಗಿದೆ. ಅದಕ್ಕೂ ನೆನಪಿದೆ, ಆದರೆ ಯಾರು ಹೊಡೆದರು ಎಂಬ ನೆನಪಲ್ಲ, ಪೆಟ್ಟು ತಿಂದ ನೆನಪು ಮಾತ್ರ. ಹಾವಿನಿಂದ ಕಡಿಸಿಕೊಂಡವನು ಹಗ್ಗ ಕಂಡರೂ ಬಡಿಗೆ ಎತ್ತುತ್ತಾನಲ್ಲ, ಹಾಗೆ. ಎಷ್ಟೋ ಸಲ ಇದರಿಂದ ಒಳ್ಳೆಯದೇ ಆಗುತ್ತದೆ, ಹೊಸ ಸೋಂಕು ಬಂದಾಗ ದೇಹ ಚುರುಕಾಗಿರುತ್ತದೆ. ಕೆಲವರಲ್ಲಿ ಮಾತ್ರ ಆ ಬಡಿಗೆ ಕೆಳಗಿಳಿಯುವುದೇ ಇಲ್ಲ. ಸಣ್ಣ ನೆಪಕ್ಕೆ ಕೀಲು, ಚರ್ಮ, ರಕ್ತನಾಳ ಊದಿಕೊಳ್ಳುತ್ತವೆ. ಆ ಪಡೆಯ ರಕ್ತಕಣಗಳು ಬದುಕುವುದು ಕೆಲವೇ ದಿನ. ಆದರೂ ನೆನಪು ವರ್ಷಗಟ್ಟಲೆ ಉಳಿಯಬಹುದು, ಏಕೆಂದರೆ ಅದು ಕೂತಿರುವುದು ಅವು ಹುಟ್ಟುವ ಜಾಗದಲ್ಲಿ, ಮೂಳೆಯೊಳಗಿನ ಮಜ್ಜೆಯಲ್ಲಿ.

ಬಾಲ್ಯದಲ್ಲೇ ಸಂಧಿವಾತ ಬಂದ ಇನ್ನೂರು ಜನರ ರಕ್ತ ನಮಗೆ ಬೇಕಾಗಿದೆ. ನಿಮ್ಮ ಊರಿನ ಆಸ್ಪತ್ರೆಯಲ್ಲೂ ತೆಗೆದುಕೊಳ್ಳುತ್ತಾರೆ. ಮನಸ್ಸಿದ್ದರೆ ಕೊಡು. ಒತ್ತಾಯವಿಲ್ಲ. ಸೀಸೆಯ ಮೇಲೆ ಹೆಸರಿರುವುದಿಲ್ಲ, ಬರೀ ಸಂಖ್ಯೆ.

ಇನ್ನೊಂದು ಮಾತು. ಬರೆಯಬಾರದು, ಆದರೂ ಬರೆಯುತ್ತಿದ್ದೇನೆ. ಕನ್ನಡಿಯ ಮೂಲೆಯಲ್ಲಿ ನನ್ನ ಫೋಟೋ ಇದೆ ಎಂದು ನಿನಗೆ ಸಂಕಟ. ಆ ಕನ್ನಡಿಯ ಮುಂದೆ ದಿನಾ ನಿನ್ನ ತಲೆ ಬಾಚುವವಳು ಅಮ್ಮನೇ ಅಲ್ಲವೇ? ನನ್ನ ತಲೆಗೆ ಅವಳ ಕೈ ಸೋಕಿ ಇಪ್ಪತ್ತೊಂಬತ್ತು ವರ್ಷವಾಯಿತು.

ನಿನ್ನ
ಅಕ್ಕ


೧೨ ಫೆಬ್ರವರಿ

ಅಕ್ಕಾ,

ಅಮ್ಮ ತಲೆ ಬಾಚುವುದರ ಮೇಲೂ ನಿನಗೆ ಕಣ್ಣು. ಮೂವತ್ತೊಂಬತ್ತು ವರ್ಷದ ಹೆಂಗಸಿಗೆ ಅಮ್ಮ ಯಾಕೆ ತಲೆ ಬಾಚುತ್ತಾಳೆ ಗೊತ್ತಾ? ಬೆಳಿಗ್ಗೆ ಹೊತ್ತು ನನ್ನ ಕೈ ಕಿವಿಯಿಂದ ಮೇಲಕ್ಕೆ ಏಳುವುದಿಲ್ಲ, ಅದಕ್ಕೆ. ಬೇಕಾದರೆ ಅದಲು ಬದಲು ಮಾಡಿಕೊಳ್ಳೋಣ ಬಾ. ಬಾಚಣಿಗೆಯೂ ಅಮ್ಮನೂ ನಿನಗೆ, ಭುಜ ನನಗೆ.

ರಕ್ತ ಕೊಟ್ಟೆ. ನಿನಗಾಗಿ ಅಲ್ಲ, ಕೊಡದಿದ್ದರೆ ಹೊಟ್ಟೆಕಿಚ್ಚಿಗೆ ಕೊಡಲಿಲ್ಲ ಅನ್ನುತ್ತೀಯ. ನರ್ಸು ಒಳ್ಳೆಯವಳು. ನನ್ನ ಧ್ವನಿ ಕೇಳಿದ ಕೂಡಲೇ, "ಅಯ್ಯೋ, ನಮ್ಮ ರೈಲು ಯಾವಾಗ್ಲೂ ಲೇಟ್ ಮಾಡೋರು ನೀವೇ ಅಲ್ವಾ" ಎಂದಳು. ಲೇಟ್ ಮಾಡೋದು ನಾನಲ್ಲಮ್ಮ, ಹೇಳೋದಷ್ಟೇ ನಾನು ಎಂದೆ. ನಕ್ಕಳು. ನರ ಸಿಗದೆ ಮೂರು ಸಲ ಚುಚ್ಚಿದಳು.

ಜೊತೆಗೆ ನಾಲ್ಕು ಪುಟದ ಅರ್ಜಿ ಕೊಟ್ಟಿದ್ದಾಳೆ, ಮನೆಯಲ್ಲಿ ತುಂಬಿ ತರಲು. ಮೂರನೆಯ ಪುಟದಲ್ಲಿ ಒಂದು ಪ್ರಶ್ನೆ: ಕೀಲುನೋವು ಶುರುವಾಗುವ ಮೊದಲು ಬಹಳ ದಿನ ಉಳಿದ ಸೋಂಕು ಏನಾದರೂ ಇತ್ತೇ? ಕಿವಿ, ಗಂಟಲು, ವಸಡು, ಇತರೆ. ಅದನ್ನು ಅಮ್ಮನಿಗೆ ಓದಿ ಹೇಳಿದೆ. "ಏನೂ ಇರ್ಲಿಲ್ಲ. ಚೆನ್ನಾಗೇ ಇದ್ದೆ ನೀನು" ಎಂದಳು. ಎಂದವಳೇ ಎದ್ದು ಒಳಗೆ ಹೋಗಿ, ಮಡಚಿಟ್ಟಿದ್ದ ಹೊದಿಕೆಗಳನ್ನೆಲ್ಲ ಬಿಡಿಸಿ ಮತ್ತೆ ಮಡಚತೊಡಗಿದಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವಳು. ಸುಮ್ಮಸುಮ್ಮನೆ ಮಡಿಕೆ ಬಿಡಿಸುವವಳಲ್ಲ.

ನಿನಗಾಗ ಹದಿಮೂರು ವರ್ಷ. ನೆನಪಿರಬೇಕು. ಏನಾದರೂ ಇತ್ತಾ?

ತಂಗಿ


೨ ಮಾರ್ಚ್

ತಂಗಿ,

ಕೆಲಸ ಬಹಳ. ಹಾಗಾಗಿ ತಡ. ಆ ಪ್ರಶ್ನೆಯನ್ನು ಖಾಲಿ ಬಿಡು. ಅಷ್ಟು ಹಳೆಯದನ್ನು ಯಾರೂ ಸರಿಯಾಗಿ ಹೇಳಲಾರರು, ಅರ್ಧಕ್ಕರ್ಧ ಜನ ಖಾಲಿ ಬಿಡುತ್ತಾರೆ. ಅಮ್ಮನನ್ನು ಹೆಚ್ಚು ಕೇಳಬೇಡ. ಅವಳಿಗೂ ವಯಸ್ಸಾಯಿತು.

ಹವೆ ಬದಲಾಗುತ್ತಿದೆ. ಮಣಿಕಟ್ಟು ಬೆಚ್ಚಗಿಟ್ಟುಕೋ.

ಅಕ್ಕ


೧೫ ಮಾರ್ಚ್

ಅಕ್ಕಾ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನಿನ್ನ ಕಾಗದ. ಪ್ರಶ್ನೆ ಬರೆದವಳು ನೀನು, ಖಾಲಿ ಬಿಡು ಅನ್ನುವವಳೂ ನೀನು.

ನಾನು ಖಾಲಿ ಬಿಡಲಿಲ್ಲ, ನನಗೇ ನೆನಪಾಯಿತು. ಸಂಜೆಯ ಪಾಳಿ ಮುಗಿಸಿ ಬೆಂಚಿನ ಮೇಲೆ ಕುಳಿತಿದ್ದೆ. ಎದುರಿಗೆ ಒಂದು ಮಗು ಕೆನ್ನೆಗೆ ಕೈ ಒತ್ತಿ ಅಳುತ್ತಿತ್ತು. ಥಟ್ಟನೆ ಹೊಳೆಯಿತು: ಒಂಬತ್ತು ವರ್ಷದವಳಿದ್ದಾಗ ನನ್ನ ಎಡಗೆನ್ನೆ ಊದಿತ್ತು. ದವಡೆಯ ಹಲ್ಲು, ವಸಡಿನಲ್ಲಿ ಕೀವು. ಬಾಯಿಯ ವಾಸನೆಗೆ ಶಾಲೆಯಲ್ಲಿ ಯಾರೂ ಪಕ್ಕದಲ್ಲಿ ಕೂರುತ್ತಿರಲಿಲ್ಲ. ಆ ವರ್ಷವೆಲ್ಲ ಹಾಗೇ ಇತ್ತು. ಅರ್ಜಿಯಲ್ಲಿ "ವಸಡು, ಹೌದು, ಸುಮಾರು ಒಂದು ವರ್ಷ" ಎಂದು ಬರೆದು ಕೊಟ್ಟುಬಿಟ್ಟೆ.

ಅದರ ಜೊತೆಗೆ ಶನಿವಾರಗಳೂ ನೆನಪಾದವು. ನಿನಗೆ ಮರೆತಿರಬಹುದು. ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಎಂದು ಅಮ್ಮ ನಿನಗೆ ಹೇಳಿ ಪಾಳಿಗೆ ಹೋಗುತ್ತಿದ್ದಳು. ನೀನು ದಾರಿಯಲ್ಲಿ ನನ್ನ ಕಿವಿಯಲ್ಲಿ, "ಅಲ್ಲಿಗೆ ಬೇಡ, ಅವರ ಇಕ್ಕಳ ನಿನ್ನ ತಲೆಗಿಂತ ದೊಡ್ಡದಿದೆ" ಎಂದು ಹೇಳಿ ಮೈದಾನಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ನಾನು ಕಲ್ಲಿನ ಮೆಟ್ಟಿಲ ಮೇಲೆ ಕುಳಿತು ನಿನ್ನ ಸುತ್ತು ಎಣಿಸುತ್ತಿದ್ದೆ. ಪ್ರತಿ ಸುತ್ತಿಗೂ ನೀನು ನನ್ನ ಕಡೆ ಕೈ ಬೀಸುತ್ತಿದ್ದೆ. ಬಾಯಲ್ಲಿ ನೀನು ಕೊಟ್ಟ ಸಕ್ಕರೆ ಕಡ್ಡಿ. ನಾಲ್ಕು ಶನಿವಾರ. ನೋವಿನ ಭಯದಿಂದ ನನ್ನನ್ನು ಉಳಿಸಿದವಳು ಅಕ್ಕ, ಅಮ್ಮನಿಗೂ ಗೊತ್ತಿಲ್ಲದ ಗುಟ್ಟು ನಮ್ಮಿಬ್ಬರದು ಎಂದು ನಾನು ಹಿಗ್ಗಿ ಹೀರೆಕಾಯಾಗಿದ್ದೆ.

ಆಮೇಲೆ ನಿನ್ನ ಕಾಲು ಕಂಡರೆ ಉರಿಯುತ್ತಿತ್ತು. ನೀನು ಮೆಟ್ಟಿಲು ಎರಡೆರಡು ಹಾರಿ ಇಳಿಯುವ ಸದ್ದಿಗೆ ದಿಂಬು ಕಚ್ಚಿದ್ದೇನೆ. ನಿನ್ನ ಮೇಲೆ ಒಂದಿಷ್ಟೂ ಅಸೂಯೆ ಇಲ್ಲದೆ ನಾನು ಇದ್ದದ್ದು ಆ ನಾಲ್ಕು ಶನಿವಾರ ಮಾತ್ರ. ಅದಕ್ಕೇ ಬರೆಯುತ್ತಿದ್ದೇನೆ.

ಬಲ ಮಣಿಕಟ್ಟು ಊದಿದೆ. ದಪ್ಪ ಪೆನ್ನಿನಲ್ಲಿ ಬರೆದಿದ್ದೇನೆ, ಅಕ್ಷರ ಕುರಿಗಳ ಹಾಗೆ ಕಂಡರೆ ನಗಬೇಡ.

ತಂಗಿ


೬ ಏಪ್ರಿಲ್

ತಂಗಿ,

ನಿನ್ನ ಕಾಗದ ಬಂದು ಎರಡು ವಾರ ಮೀರಿತು. ಐದು ಸಲ ಉತ್ತರ ಬರೆದು ಹರಿದಿದ್ದೇನೆ. ಇದನ್ನು ಹರಿಯುವುದಿಲ್ಲ.

ಆ ಶನಿವಾರಗಳನ್ನು ನಾನು ಮರೆತಿಲ್ಲ. ನಿನ್ನನ್ನು ಭಯದಿಂದ ಉಳಿಸಲು ನಾನು ಮೈದಾನಕ್ಕೆ ಕರೆದುಕೊಂಡು ಹೋಗಲಿಲ್ಲ. ಶಾಲೆಯ ಓಟದ ತಂಡಕ್ಕೆ ಆಯ್ಕೆ ಇತ್ತು, ಅಭ್ಯಾಸ ಶನಿವಾರ. ಅದು ಅರ್ಧ ಕಾರಣ. ಇನ್ನರ್ಧವನ್ನು ಯಾರಿಗೂ ಹೇಳಿಲ್ಲ.

ನಿನ್ನ ಕೆನ್ನೆ ಮೊದಲ ಸಲ ಊದಿದ ದಿನ ಅಮ್ಮ ಮಧ್ಯಾಹ್ನದ ಪಾಳಿ ಬಿಟ್ಟು ಮನೆಗೆ ಓಡಿಬಂದಳು. ನಿನ್ನನ್ನು ಮಡಿಲಲ್ಲಿ ಮಲಗಿಸಿಕೊಂಡು ಕೆನ್ನೆಗೆ ಬೆಚ್ಚಗಿನ ಬಟ್ಟೆ ಒತ್ತುತ್ತ ಕೂತಳು. ಅದೇ ವಾರ ನನ್ನ ಓಟ ಇತ್ತು. ಬಾ ಎಂದು ಕರೆದಿದ್ದೆ. "ಪಾಳಿ ಬಿಟ್ಟು ಹೇಗೆ ಬರ್ಲಿ, ನೀನೇ ಹೇಳು" ಎಂದಿದ್ದಳು. ನಿನ್ನ ಹಲ್ಲಿಗೆ ಬಿಡಲಾಗುವ ಪಾಳಿಯನ್ನು ನನ್ನ ಓಟಕ್ಕೆ ಬಿಡಲಾಗುವುದಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅಮ್ಮ ತಲೆ ಎತ್ತಲಿಲ್ಲ. ಇಷ್ಟು ಪ್ರೀತಿ ತಂದುಕೊಟ್ಟ ಹಲ್ಲು ಇನ್ನೊಂದಿಷ್ಟು ದಿನ ನೋಯಲಿ ಎಂದು ನನಗೆ ಅನಿಸಿತು. ಅನಿಸಿದ್ದು ಇದೇ, ಮಾತು ತೇಲಿಸುತ್ತಿಲ್ಲ. ಡಾಕ್ಟರಿಗೆ ತೋರಿಸಲು ಅಮ್ಮ ಪ್ರತಿ ವಾರ ಕೊಡುತ್ತಿದ್ದ ಚೀಟಿಯನ್ನು ನಾಲ್ಕು ಶನಿವಾರವೂ ಹರಿದು ಚರಂಡಿಗೆ ಹಾಕಿದೆ. ಸಕ್ಕರೆ ಕಡ್ಡಿ ಕೊಟ್ಟದ್ದು ನೀನು ಅಮ್ಮನಿಗೆ ಹೇಳದಿರಲಿ ಎಂದು. ಕೀವು ತುಂಬಿದ ಹಲ್ಲಿಗೆ ಸಕ್ಕರೆ. ಕೈ ಬೀಸಿದ್ದು ನೀನು ಎದ್ದು ಹೋಗಿಲ್ಲವಷ್ಟೇ ಎಂದು ನೋಡಲು.

ಮರು ವರ್ಷ ನಿನಗೆ ಸಣ್ಣ ಜ್ವರ ಬಂತು. ಜ್ವರ ಹೋಯಿತು, ಮೊಣಕಾಲು ಊದಿದ್ದು ಇಳಿಯಲಿಲ್ಲ.

ನಮ್ಮ ಲ್ಯಾಬಿನಲ್ಲಿ ಇಲಿಗಳಿವೆ. ಕೆಲವಕ್ಕೆ ಕೆಲವು ವಾರ ವಸಡಿನ ಉರಿಯೂತ ಬರಿಸುತ್ತೇವೆ. ಆಮೇಲೆ ಕೀಲಿಗೆ ತೊಂದರೆ ಕೊಟ್ಟರೆ, ವಸಡು ನೊಂದ ಇಲಿಗಳ ಕೀಲು ಬೇರೆಯವಕ್ಕಿಂತ ಜಾಸ್ತಿ ಊದುತ್ತದೆ. ಅವುಗಳ ಮಜ್ಜೆಯನ್ನು, ಹಲ್ಲುನೋವನ್ನೇ ಕಾಣದ ಇಲಿಗೆ ಹಾಕಿದರೆ ಅದರ ಕೀಲೂ ಹಾಗೇ ಊದುತ್ತದೆ. ಮೊದಲ ಸಲ ಆ ಫಲಿತಾಂಶ ನೋಡಿದ ದಿನ ಸಹೋದ್ಯೋಗಿಗಳು ಕೈ ಕುಲುಕಿದರು. ನಾನು ಕೈ ತೊಳೆಯುವ ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ಇಲಿಯಿಂದ ನಿನ್ನ ಮೊಣಕಾಲಿಗೆ ನೇರ ದಾರಿ ಇಲ್ಲ. ಒಬ್ಬ ಮನುಷ್ಯನಲ್ಲಿ ಇದರಿಂದಲೇ ಇದಾಯಿತು ಎಂದು ಯಾರೂ ಹೇಳಲಾರರು. ಹಲ್ಲು ಹಾಳಾದ ಎಷ್ಟೋ ಮಕ್ಕಳು ಚೆನ್ನಾಗಿ ಓಡಾಡಿಕೊಂಡಿದ್ದಾರೆ. ಹಲ್ಲು ಕಿತ್ತಿದ್ದರೂ ನಿನಗೆ ಇದು ಬರುತ್ತಿತ್ತೇನೋ. ಇದು ತಪ್ಪಿಸಿಕೊಳ್ಳುವ ಮಾತಲ್ಲ, ನಿಜ. ಆದರೆ ನಾನು ಈ ಕೆಲಸಕ್ಕೆ ಬಂದದ್ದು ನಿನ್ನ ಮೊಣಕಾಲಿನಿಂದ ಎಂದು ಸಭೆಯಲ್ಲಿ ಹೇಳಿದ್ದು ಪೂರ್ತಿ ನಿಜವಲ್ಲ. ನಾನು ಬಂದದ್ದು ಆ ಹಲ್ಲಿನಿಂದ.

ಅಕ್ಕ


೧೯ ಏಪ್ರಿಲ್

ದೊಡ್ಡವಳೇ,

ನಾನು ನಿನ್ನ ಅಮ್ಮ ಬರೀತಿರೋದು. ಕಾಗದ ಬರೆದು ಅಭ್ಯಾಸ ಇಲ್ಲ, ಮಾತಾಡಿದ ಹಾಗೇ ಬರೀತೀನಿ.

ನೀನು ಸ್ಟೇಷನ್ನಿಗೆ ಬರೆದ ಕಾಗದ ನನಗೆ ಸಿಕ್ತು. ಕದ್ದು ಓದಿದೆ ಅಂದ್ಕೋ, ಪರವಾಗಿಲ್ಲ. ಚಿಕ್ಕವಳ ಚೀಲದಿಂದ ಊಟದ ಡಬ್ಬಿ ತೆಗೆಯೋಕೆ ಹೋದೆ, ಡಬ್ಬಿ ತುಂಬಿದ್ದ ಹಾಗೇ ಇತ್ತು. ಅದರ ಕೆಳಗೆ ನಿನ್ನ ಅಕ್ಷರ. ಎಂಟು ದಿನದಿಂದ ಅವಳು ಮನೇಲಿ ಬಾಯಿ ಬಿಟ್ಟಿಲ್ಲ. ಊರಿಗೆಲ್ಲ ಮೈಕಲ್ಲಿ ಮಾತಾಡ್ತಾಳೆ, ನನ್ನ ಹತ್ರ ಒಂದಕ್ಷರ ಇಲ್ಲ.

ನೀನೊಬ್ಬಳೇ ಹೊತ್ಕೊಂಡು ತಿರುಗಬೇಡ. ನನಗೆ ಆಗಲೇ ಗೊತ್ತಿತ್ತು. ಐದನೇ ವಾರ ಹಲ್ಲಿನ ಡಾಕ್ಟರು ನಮ್ಮ ವಿಭಾಗದ ಬಾಗಿಲಿಗೇ ಬಂದು, "ಏನಮ್ಮ, ನಿನ್ನ ಹುಡುಗಿ ಒಂದು ದಿನಾನೂ ಬರ್ಲಿಲ್ವಲ್ಲ" ಅಂದ್ರು. ನನ್ನ ಕೈಯಲ್ಲಿ ಒದ್ದೆ ಚಾದರ ಇತ್ತು. "ವಾಸಿ ಆಯ್ತು ಸಾರ್" ಅಂದ್ಬಿಟ್ಟೆ. ನಾಲ್ಕು ಜನ ಕೇಳಿಸ್ಕೊಳ್ತಾ ಇದ್ರು, ಮಗಳು ಸುಳ್ಳು ಹೇಳಿದಾಳೆ ಅಂತ ಹೇಗೆ ಹೇಳ್ಲಿ. ಅಷ್ಟರಲ್ಲಿ ಬಾವೂ ಸ್ವಲ್ಪ ಇಳಿದಿತ್ತು. ಮುಂದಿನ ವಾರ ನಾನೇ ಕರ್ಕೊಂಡು ಹೋಗ್ತೀನಿ ಅಂದ್ಕೊಂಡೆ. ಮುಂದಿನ ವಾರ ಎರಡು ಪಾಳಿ ಬಂತು. ಆಮೇಲೆ ಇನ್ನೊಂದು ವಾರ. ಹೀಗೇ ವರ್ಷ ಹೋಯ್ತು. ನಿಂದು ನಾಲ್ಕು ಶನಿವಾರ, ಉಳಿದ ನಲವತ್ತೆಂಟು ನಂದು.

ಅವಳ ಕಾಲು ಊದಿದಾಗ, ಹಲ್ಲಿನ ಕೀವೇ ಕಾಲಿಗೆ ಇಳೀತು ಅಂತ ನನ್ನ ಮನಸ್ಸು ಹೇಳ್ತು. ಅದಕ್ಕೆ ನಿನ್ನ ಇಲಿ ಬೇಕಾಗಿರ್ಲಿಲ್ಲ. ಸರಿಯೋ ತಪ್ಪೋ, ಹಾಗೆ ಹೇಳ್ತು. ಅವಳು ನೋವಲ್ಲಿ ಕೂಗಿದಾಗ್ಲೆಲ್ಲ ನಿನ್ನ ಮುಖ ನೋಡಿದ್ರೆ ಕೈ ಏಳ್ತಿತ್ತು. ಹೊಡೆದ್ರೆ ಎಲ್ಲಿಗೆ ನಿಲ್ಲುತ್ತೋ ಅಂತ ಹೆದರಿ ಹಾಸ್ಟೆಲಿಗೆ ಹಾಕಿದೆ. ಓದ್ಲಿ ಅಂತ ಹಾಕಿದೆ ಅಂತ ಎಲ್ರಿಗೂ ಹೇಳಿದೆ, ನಿನಗೂ ಹೇಳಿದೆ. ನನ್ನ ತಪ್ಪನ್ನೂ ನಿನ್ನ ಪೆಟ್ಟಿಗೆಗೇ ತುಂಬಿ ಕಳಿಸಿದೆ ಮಗಳೇ.

ನೀನು ಬಸ್ ಹತ್ತಿದಾಗ ತಿರುಗಿ ನೋಡಿದೆ. ನಾನು ಚೀಲದಲ್ಲಿ ಏನೋ ಹುಡುಕ್ತಿದ್ದೆ. ಏನೂ ಹುಡುಕ್ತಿರ್ಲಿಲ್ಲ.

ಚಿಕ್ಕವಳಿಗೆ ಇವತ್ತು ಸಂಜೆ ಇದನ್ನೇ ಹೇಳ್ತೀನಿ. ಹೇಳಿದ ಮೇಲೆ ನನ್ನನ್ನ ಮನೇಲಿ ಇಟ್ಕೋತಾಳೋ ಇಲ್ವೋ.

ನಿನ್ನ
ಅಮ್ಮ


೩ ಜೂನ್

ಅಕ್ಕಾ,

ಇಷ್ಟು ದಿನ ಬರೆಯದೆ ಇದ್ದದ್ದು ಮಣಿಕಟ್ಟಿನಿಂದ ಅಲ್ಲ. ಬರೆದರೆ ಏನು ಬರೆಯುತ್ತೇನೋ ಎಂದು.

ಅಮ್ಮ ಹೇಳಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದನ್ನು ನಗೆಚಾಟಿಕೆಗೆ ಹೇಳುತ್ತಿದ್ದೆ. ಹಲ್ಲು ಕೆಟ್ಟರೆ ಕಾಲಿಗೆ ಬರೆ ಬೀಳುತ್ತದೆ ಎಂದು ಈಗ ತಿಳಿಯಿತು. ಈ ಮನೆಯಲ್ಲಿ ಮೂವರು. ಒಬ್ಬಳಿಗೆ ಗೊತ್ತಿತ್ತು, ಇನ್ನೊಬ್ಬಳಿಗೂ ಗೊತ್ತಿತ್ತು. ಗೊತ್ತಿಲ್ಲದವಳು ಹಲ್ಲು ಯಾರದೋ ಅವಳೊಬ್ಬಳೇ.

ಹಲ್ಲಿಗಾಗಿ ನಿನ್ನ ಮೇಲೆ ಸಿಟ್ಟು ಬರುತ್ತದೆ ಎಂದು ಕಾದೆ. ಬಂತು, ಆದರೆ ನೀನು ಎಣಿಸಿದಷ್ಟಲ್ಲ. ಹದಿಮೂರು ವರ್ಷದ ಹುಡುಗಿ, ಅವಳಿಗೇನು ಮಜ್ಜೆ ಗೊತ್ತು, ಕಣ ಗೊತ್ತು. ನನ್ನಿಂದ ತಡೆಯಲಾಗದ್ದು ಬೇರೆ. ನೀನು ಕೈ ಬೀಸಿದ್ದು ನಾನು ಎದ್ದು ಹೋಗಿಲ್ಲವಷ್ಟೇ ಎಂದು ನೋಡಲು ಅಂತೆ. ಆ ನಾಲ್ಕು ಶನಿವಾರ ನನ್ನವು, ಅಕ್ಕಾ. ನೋವು ಜೋರಾದ ದಿನಗಳಲ್ಲಿ ಕಣ್ಣು ಮುಚ್ಚಿ ಆ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದೆ. ಕಾಲು ನಿನ್ನಿಂದ ಹೋಯಿತೋ ಇಲ್ಲವೋ ನೀನೇ ಹೇಳಲಾರೆ. ಆ ಮೆಟ್ಟಿಲು ಮಾತ್ರ ನಿನ್ನಿಂದಲೇ ಹೋಯಿತು. ಸುಮ್ಮನಿರಬಹುದಿತ್ತು ನೀನು. ಮೂವತ್ತು ವರ್ಷ ಸುಮ್ಮನಿದ್ದವಳಿಗೆ ಇನ್ನು ಮೂವತ್ತು ಕಷ್ಟವಿತ್ತಾ?

ತಪ್ಪಿನಲ್ಲೂ ನಿನ್ನದೇ ದೊಡ್ಡದು, ಅಮ್ಮನದು ಅದಕ್ಕಿಂತ ದೊಡ್ಡದು. ನಿಮ್ಮಿಬ್ಬರಿಗೆ ಹಂಚಿಕೊಂಡು ಅಳಲು ಒಂದು ಗುಟ್ಟಿತ್ತು. ನನಗೆ ಬರೀ ನೋವು. ಇದಕ್ಕೂ ಹೊಟ್ಟೆಕಿಚ್ಚು ಪಡಬೇಕಾಯಿತಲ್ಲ ನಾನು.

ಹಾಗಾಗಿ ನನ್ನದೂ ಒಂದು ಇರಲಿ, ತೆಗೆದುಕೋ. ನಿನ್ನ ಹಾಸ್ಟೆಲಿನ ಶಾಲೆಯಲ್ಲಿ ಬಹುಮಾನದ ದಿನ, ನೀನು ಅಮ್ಮನಿಗಾಗಿ ಮುಂದಿನ ಸಾಲಿನಲ್ಲಿ ಕುರ್ಚಿ ಹಿಡಿದಿಟ್ಟಿದ್ದೆಯಂತೆ. ಅಮ್ಮ ಹೊರಟಿದ್ದಳು. ಇಸ್ತ್ರಿ ಮಾಡಿದ ನೀಲಿ ಬಟ್ಟೆ ಹಾಕಿಕೊಂಡಿದ್ದಳು. ಆ ಬಟ್ಟೆಯನ್ನು ನನಗಾಗಿ ಅವಳು ಎಂದೂ ಹಾಕಿದವಳಲ್ಲ. ನಾನು ಮಂಚದ ಮೇಲೆ ಉರುಳಾಡಿ ಕಿರುಚಿದೆ. ಆ ದಿನ ನನಗೆ ಒಂದು ಚೂರೂ ನೋವಿರಲಿಲ್ಲ. ಅಮ್ಮ ಬಟ್ಟೆ ಬದಲಿಸಿದ ಮೇಲೆ ನಿಲ್ಲಿಸಿದೆ.

ಕೂದಲು ಕತ್ತರಿಸಿಕೊಂಡು ಬಂದೆ, ಕಿವಿಯವರೆಗೆ. ಇನ್ನು ಯಾರೂ ಬಾಚಬೇಕಾಗಿಲ್ಲ. ಅಮ್ಮ ನೋಡಿ ಒಳಗೆ ಹೋಗಿ ಅತ್ತಳು. ನನಗೆ ಏನೂ ಅನಿಸಲಿಲ್ಲ. ಕತ್ತಿನ ಹಿಂದೆ ಗಾಳಿ ತಾಗುತ್ತದೆ, ಅಷ್ಟೇ.

ನನ್ನ ರಕ್ತ ನಿನ್ನ ಹತ್ತಿರವೇ ಇರಲಿ. ಆದರೆ ಇನ್ನು ಮೇಲೆ ಯಾವ ಸಭೆಯಲ್ಲೂ ನಿನಗೆ ತಂಗಿ ಇಲ್ಲ.

ತಂಗಿ


೨೦ ಜೂನ್

ತಂಗಿ,

ಆ ಸಾಲನ್ನು ಬಿಟ್ಟಿದ್ದೇನೆ. ಕಳೆದ ವಾರ ಇನ್ನೊಂದು ಭಾಷಣವಿತ್ತು. ಇಲಿಗಳಿಂದ ಶುರುಮಾಡಿ ಇಲಿಗಳಲ್ಲೇ ಮುಗಿಸಿದೆ. ಯಾರೂ ಎದ್ದು ನಿಲ್ಲಲಿಲ್ಲ.

ನಿನ್ನ ರಕ್ತ ಏನು ಹೇಳಿತು ಎಂದು ನೀನು ಕೇಳಿಲ್ಲ. ಕೇಳಿದರೂ ಹೇಳಲಾರೆ. ಇನ್ನೂರು ಸೀಸೆಗಳಲ್ಲಿ ನಿನ್ನದು ಯಾವುದೆಂದು ನನಗೆ ಗೊತ್ತಾಗದ ಹಾಗೆ ಸಹೋದ್ಯೋಗಿಗೆ ಒಪ್ಪಿಸಿದ್ದೇನೆ. ಆ ಎಣಿಕೆಯಲ್ಲಿ ನನ್ನ ಕೈ ಇರಬಾರದು.

ಹೇಳಿದ್ದಕ್ಕೆ ಕ್ಷಮೆ ಕೇಳುತ್ತಿಲ್ಲ. ನಿನ್ನ ಮಾತು ನಿಜ, ಸುಮ್ಮನಿರಬಹುದಿತ್ತು. ನೀನು ಅರ್ಜಿಯಲ್ಲಿ "ವಸಡು" ಎಂದು ಬರೆದ ಮೇಲೆ ನನಗೆ ಆಗಲಿಲ್ಲ. ಆದರೆ ಕೈ ಬೀಸಿದ್ದರ ಬಗ್ಗೆ ನಾನು ಬರೆದದ್ದು ಎಷ್ಟು ನಿಜ ಎಂದು ಈಗ ನನಗೇ ಗೊತ್ತಿಲ್ಲ. ಮೊದಲ ಸಲ ಅದಕ್ಕಾಗಿ ಬೀಸಿದೆ. ನಾಲ್ಕನೆಯ ಶನಿವಾರದ ಹೊತ್ತಿಗೆ, ನೀನು ಎಣಿಸುತ್ತಿಲ್ಲದಿದ್ದರೆ ನನಗೆ ಓಡಲು ಬರುತ್ತಿರಲಿಲ್ಲ. ಸಮಾಧಾನಕ್ಕೆ ಬರೆಯುತ್ತಿದ್ದೇನೆ ಎಂದು ನೀನು ಅಂದುಕೊಳ್ಳುತ್ತೀಯ. ಅಂದುಕೋ.

ಆ ಕುರ್ಚಿ ಖಾಲಿ ಇತ್ತು. ಕೊನೆಗೆ ಯಾರೋ ತಮ್ಮ ಛತ್ರಿ ಇಟ್ಟರು. ನಿನ್ನ ಕಾಗದ ಓದಿದಾಗ ನನಗೆ ಸಿಟ್ಟು ಬಂತು, ತಂಗಿ. ಚೆನ್ನಾಗಿಯೇ ಬಂತು. ಇಪ್ಪತ್ತೇಳು ವರ್ಷದ ಹಿಂದಿನದಕ್ಕೆ ಮೊನ್ನೆ ಮೊನ್ನೆ ಆದಷ್ಟು. ಒಂದು ಇಡೀ ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಅದು ಇಳಿಯಿತು. ಹಗುರವಾಯಿತು ಎನ್ನುವುದಕ್ಕೂ ನಾಚಿಕೆ.

ಒಂದು ಕೇಳುತ್ತೇನೆ. ಇಲ್ಲ ಎಂದರೆ ಬೇಜಾರಿಲ್ಲ. ಅಮ್ಮನನ್ನು ಒಂದು ತಿಂಗಳು ನನ್ನ ಹತ್ತಿರ ಕಳಿಸುತ್ತೀಯಾ? ಅವಳು ನನ್ನ ಮನೆಯ ಒಳಗನ್ನು ನೋಡಿಲ್ಲ. ನಿನ್ನನ್ನು ಬಿಟ್ಟು ಬರಲಾಗದು ಎಂದು ನಾನೂ ಕರೆದಿಲ್ಲ, ಅವಳೂ ಕೇಳಿಲ್ಲ. ನಿನಗೆ ಕಷ್ಟವಾಗುತ್ತದೆ ಎಂದು ಗೊತ್ತು. ಗೊತ್ತಿದ್ದೂ ಕೇಳುತ್ತಿದ್ದೇನೆ. ನನಗೆ ಬೇಕು.

ಅಕ್ಕ


೪ ಆಗಸ್ಟ್

ಅಕ್ಕಾ,

ಅಮ್ಮ ಅಲ್ಲಿಗೆ ಬಂದು ಇಂದಿಗೆ ಇಪ್ಪತ್ತನಾಲ್ಕು ದಿನ. ನಾನು ಎಣಿಸುತ್ತಿಲ್ಲ ಎಂದರೆ ಸುಳ್ಳಾಗುತ್ತದೆ.

ಅವಳು ಹೊರಟ ದಿನ ನನ್ನದೇ ಪಾಳಿ. ಅವಳ ರೈಲನ್ನು ನಾನೇ ಹೇಳಬೇಕಾಯಿತು. ಗಾಜಿನಿಂದ ಕೆಳಗೆ ನೋಡಿದರೆ ಎರಡನೆಯ ಪ್ಲಾಟ್‌ಫಾರಮಿನಲ್ಲಿ ಪೆಟ್ಟಿಗೆಯ ಮೇಲೆ ಕೂತಿದ್ದಳು. ನೀಲಿ ಬಟ್ಟೆ ಹಾಕಿದ್ದಳು, ಹೊಸದು. ರೈಲು ಹದಿನೈದು ನಿಮಿಷ ತಡ ಎಂದು ಹೇಳುವಾಗ ಜೀವಮಾನದಲ್ಲಿ ಮೊದಲ ಸಲ ನನಗೆ ಖುಷಿಯಾಯಿತು. ಹತ್ತುವ ಮೊದಲು ಅವಳು ತಲೆ ಎತ್ತಿ ಸ್ಪೀಕರನ್ನು ನೋಡಿದಳು. ನಾನಿರುವುದು ಅಲ್ಲಿ ಅಲ್ಲ, ಈ ಗೂಡಿನಲ್ಲಿ ಎಂದು ಇಷ್ಟು ವರ್ಷವಾದರೂ ಅವಳಿಗೆ ತಿಳಿಯಲಿಲ್ಲ.

ಮೊದಲ ವಾರ ಕಷ್ಟವಾಯಿತು. ಡಬ್ಬಿಯ ಮುಚ್ಚಳ ತೆಗೆಯಲಾಗದೆ ಎರಡು ದಿನ ಬ್ರೆಡ್ಡು ತಿಂದೆ. ಆಮೇಲೆ ಬಾಗಿಲಿನ ಸಂದಿಗೆ ಡಬ್ಬಿ ಸಿಕ್ಕಿಸಿ ತಿರುಗಿಸುವುದು ಕಲಿತೆ. ಕೆಳಗಿನ ಮನೆಯ ದರ್ಜಿ ನನ್ನ ಅಂಗಿಗಳ ಗುಂಡಿ ಕಿತ್ತು, ಒತ್ತಿದರೆ ಅಂಟುವ ಪಟ್ಟಿ ಹೊಲಿದುಕೊಟ್ಟ. ಮೂವತ್ತು ವರ್ಷ ಅಮ್ಮ ಗುಂಡಿ ಹಾಕುತ್ತಿದ್ದಳು; ಈ ಪಟ್ಟಿ ನಮ್ಮಿಬ್ಬರಿಗೂ ಹೊಳೆಯಲಿಲ್ಲವೋ, ಹೊಳೆಯುವುದು ಬೇಡವಾಗಿತ್ತೋ. ಡಾಕ್ಟರು ಔಷಧಿ ಬದಲಿಸಿದ್ದಾರೆ, ಮಣಿಕಟ್ಟು ಇಳಿದಿದೆ. ಮೊಣಕಾಲು ಎಂದಿನಂತೆಯೇ ಇದೆ. ಅದರ ಬಗ್ಗೆ ಯಾರೂ ಭಾಷಣ ಮಾಡುವ ಹಾಗಿಲ್ಲ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ತಿಳಿಯಬೇಡ. ಅಮ್ಮನನ್ನೂ ಇಲ್ಲ. ಒಂದೊಂದು ಬೆಳಿಗ್ಗೆ ಕ್ಷಮಿಸಿದ್ದೇನೆ ಅನಿಸುತ್ತದೆ, ಶೂ ಹಾಕಿಕೊಳ್ಳುವ ಹೊತ್ತಿಗೆ ಅದು ಹೋಗಿರುತ್ತದೆ.

ಈ ಕಾಗದ ಬರೆಯಲು ಕಾರಣ ಮೊನ್ನೆಯ ಫೋನು. ಅಮ್ಮ ದಿನಾ ಮಧ್ಯಾಹ್ನ ಮಾಡುತ್ತಾಳೆ. ಎದ್ದೆಯಾ, ತಿಂದೆಯಾ, ಮಾತ್ರೆ ತಗೊಂಡೆಯಾ. ಮೊನ್ನೆ ಅವಳ ಧ್ವನಿಯಲ್ಲೇ ನಗು ಇತ್ತು. ನೀನು ಲ್ಯಾಬಿಗೆ ಕರೆದುಕೊಂಡು ಹೋಗಿದ್ದೆಯಂತೆ. ಬಿಳಿ ಕೋಟು ಹಾಕಿಸಿದೆಯಂತೆ. "ಇದನ್ನ ಯಾರು ಒಗೆದಿದ್ದು, ಕಾಲರ್ ನೋಡು ಹೇಗಿದೆ" ಎಂದು ಎಲ್ಲರ ಮುಂದೆ ಕೇಳಿದಳಂತೆ. ನಾನು ನನ್ನ ಡಬ್ಬಿಯ ಕಥೆ ಶುರುಮಾಡಿದೆ. ಅರ್ಧಕ್ಕೆ ಬಂದಿರಬೇಕು. ಹಿಂದಿನಿಂದ ನಿನ್ನ ಧ್ವನಿ ಕೇಳಿಸಿತು, "ಅಮ್ಮಾ, ಊಟ ಆರ್ತಿದೆ." ಅಮ್ಮ, "ಇಡ್ತೀನಮ್ಮ, ದೊಡ್ಡವಳು ಕಾಯ್ತಿದಾಳೆ" ಎಂದು ಫೋನ್ ಇಟ್ಟಳು.

ಇಟ್ಟೇಬಿಟ್ಟಳು. ನನ್ನ ಮಾತು ಮುಗಿಯುವ ಮೊದಲು, ನಿನಗಾಗಿ. ಹಿಂದೆಂದೂ ಹೀಗಾಗಿಲ್ಲ.

ಫೋನ್ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ. ಊಟದ ತಟ್ಟೆ ಮುಚ್ಚಿಟ್ಟೆ. ನಿನಗೆ ಏನಾದರೂ ಆಗಲಿ, ಸಣ್ಣದು, ಅಮ್ಮ ಬೇಸತ್ತು ವಾಪಸು ಬರುವಷ್ಟು ಏನಾದರೂ ಆಗಲಿ ಎಂದುಕೊಂಡೆ. ನಿಜವಾಗಿ ಅಂದುಕೊಂಡೆ, ಅಕ್ಕಾ. ನನಗೆ ಮೂವತ್ತೊಂಬತ್ತು ವರ್ಷ, ನೌಕರಿ ಇದೆ, ಬುದ್ಧಿ ಇದೆ, ಅಮ್ಮ ಬರುವ ತಾರೀಖು ಗೊತ್ತಿದೆ. ಆದರೂ ಅಷ್ಟು ಉರಿಯಿತು.

ನಿನಗೆ ಆಗ ಹದಿಮೂರು.

ಅಮ್ಮ ಇನ್ನೂ ಹದಿನೈದು ದಿನ ಅಲ್ಲೇ ಇರಲಿ. ನಾನೇ ಹೇಳಿದೆ ಎಂದು ಹೇಳಬೇಡ.

ನಿನ್ನ
ತಂಗಿ